ಟ್ರೈ ಇಳಿಯಿತು, ವಿಷ ಇಳಿಯಲಿಲ್ಲ: ಅಂತರ್ಜಲದಲ್ಲಿ ಬ್ಯಾಕ್ಟೀರಿಯಾ ಕೆಲಸ ಅರ್ಧಕ್ಕೆ ನಿಂತಾಗ ದೋಷ ಹುಡುಕುವ ಬಗೆ

ದೂರು ಬರುವುದು ಸಾಮಾನ್ಯವಾಗಿ ಹೀಗೆ. ಕಾರ್ಖಾನೆಯ ಹಿತ್ತಲಿನ ನಿಗಾ ಬಾವಿಗಳಲ್ಲಿ ಟ್ರೈಕ್ಲೋರೋಎಥಿಲೀನ್ ಸಿಕ್ಕಿರುತ್ತದೆ. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ದಶಕಗಳ ಕಾಲ ಬಳಸಿದ ದ್ರಾವಕ ಅದು. ಯಂತ್ರದ ಬಳಿ ದುಡಿದವರೆಲ್ಲ ಅದನ್ನು ‘ಟ್ರೈ’ ಎಂದೇ ಕರೆಯುತ್ತಾರೆ. ನೆಲದಡಿಯ ಬ್ಯಾಕ್ಟೀರಿಯಾಗಳೇ ಅದನ್ನು ಒಡೆಯಲಿ ಎಂದು ಕಾಕಂಬಿ ಕಲೆಸಿದ ನೀರನ್ನು ಬಾವಿಗೆ ಇಳಿಸಿ ಉಣಿಸುತ್ತಾರೆ. ಎಂಟು ತಿಂಗಳಲ್ಲಿ ಟ್ರೈ ಶೇ. 95ರಷ್ಟು ಇಳಿಯುತ್ತದೆ, ಕಚೇರಿಯಲ್ಲಿ ಮೈಸೂರುಪಾಕು ಹಂಚುತ್ತಾರೆ. ಆಮೇಲೆ ಆರು ತಿಂಗಳು ವರದಿಯ ಅಂಕಿಗಳು ಕದಲುವುದಿಲ್ಲ. ‘ಸರ್, ಬ್ಯಾಕ್ಟೀರಿಯಾ ಸತ್ತುಹೋಗಿವೆ ಅನ್ನಿಸುತ್ತದೆ, ಹೊಸದು ಎಲ್ಲಿ ಸಿಗುತ್ತದೆ?’ ಎಂದು ಫೋನ್ ಬರುವುದು ಆಗಲೇ.

ಈ ಬರಹ ಆ ಫೋನಿಗೆ ನಾನು ಕೊಡುವ ಉತ್ತರ, ಸ್ವಲ್ಪ ವಿಸ್ತಾರವಾಗಿ. ಬೆಂಗಳೂರಿನ ಗಟ್ಟಿಶಿಲೆಯ ನೆಲದಲ್ಲಿ ಈ ಕೆಲಸಕ್ಕೆ ಹೊಸದಾಗಿ ಇಳಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನನ್ನ ಅನುಭವದಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಹೊರಿಸುವ ಆರೋಪಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ತಪ್ಪು ಶೀಶೆಯಲ್ಲಿರುತ್ತದೆ, ಮಾಪಕದಲ್ಲಿರುತ್ತದೆ, ಪಕ್ಕದ ಬೋರ್‌ವೆಲ್‌ನಲ್ಲಿರುತ್ತದೆ, ಎಷ್ಟೋ ಸಲ ನಾವೇ ಸುರಿದ ಕಾಕಂಬಿಯಲ್ಲಿರುತ್ತದೆ. ಆದ್ದರಿಂದ ಅಗ್ಗದ ತಪಾಸಣೆ ಮೊದಲು, ದುಬಾರಿಯದು ಆಮೇಲೆ. ಹೊಸ ಬ್ಯಾಕ್ಟೀರಿಯಾ ಕೊಳ್ಳುವ ಮಾತು ಎಲ್ಲಕ್ಕಿಂತ ಕೊನೆಗೆ.

ಏನಾಗಬೇಕಿತ್ತು

ಟ್ರೈ ಅಣುವಿನಲ್ಲಿ ಮೂರು ಕ್ಲೋರಿನ್ ಇವೆ. ಆಮ್ಲಜನಕವಿಲ್ಲದ ಆಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು, ನಾವು ಆಮ್ಲಜನಕ ಉಸಿರಾಡುವಂತೆ, ಈ ಅಣುವನ್ನೇ ಉಸಿರಾಡುತ್ತವೆ. ಒಂದೊಂದೇ ಕ್ಲೋರಿನ್ ಕಿತ್ತು ಆ ಜಾಗದಲ್ಲಿ ಹೈಡ್ರೋಜನ್ ಕೂರಿಸುತ್ತವೆ. ಒಂದು ಕಳಚಿದರೆ ಸಿಸ್-ಡೈಕ್ಲೋರೋಎಥಿಲೀನ್, ಅಂದರೆ ನಾವು ದಿನಬಳಕೆಯಲ್ಲಿ ಹೇಳುವ ಡಿಸಿಇ. ಎರಡು ಕಳಚಿದರೆ ವಿನೈಲ್ ಕ್ಲೋರೈಡ್. ಮೂರೂ ಹೋದರೆ ಉಳಿಯುವುದು ಎಥಿಲೀನ್, ಬಾಳೆಕಾಯಿಯನ್ನು ಹಣ್ಣಾಗಿಸುವ ಅದೇ ಅನಿಲ.

ಮೊದಲ ಹೆಜ್ಜೆ ಇಡುವ ಬ್ಯಾಕ್ಟೀರಿಯಾಗಳು ಹಲವು ಕುಲದವು, ಎಲ್ಲೆಂದರಲ್ಲಿ ಸಿಗುತ್ತವೆ. ಡಿಸಿಇಯಿಂದ ಎಥಿಲೀನ್‌ವರೆಗೆ ಒಯ್ಯುವವು ಬೆರಳೆಣಿಕೆಯವು. ಮುಖ್ಯವಾಗಿ ಡಿಹ್ಯಾಲೊಕಾಕಾಯ್ಡಿಸ್, ಜೊತೆಗೆ ಅದರ ದಾಯಾದಿ ಡಿಹ್ಯಾಲೊಜೆನಿಮೊನಾಸ್. ಡಿಹ್ಯಾಲೊಕಾಕಾಯ್ಡಿಸ್‌ನ ಮೊದಲ ತಳಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೇರ್ಪಡಿಸಿದ ಸುದ್ದಿ ಪ್ರಕಟವಾದದ್ದು 1997ರಲ್ಲಿ, ಅದಕ್ಕೆ ವಿಧಿವತ್ತಾದ ಪ್ರಭೇದದ ಹೆಸರು ಸಿಕ್ಕಿದ್ದು 2013ರಲ್ಲಿ. ಇಷ್ಟು ಮಡಿವಂತ ಜೀವಿಯನ್ನು ನಾನು ಬೇರೆ ಕಂಡಿಲ್ಲ. ಅದಕ್ಕೆ ಶಕ್ತಿ ಬೇಕಾದರೆ ಹೈಡ್ರೋಜನ್ ಮಾತ್ರ ನಡೆಯುತ್ತದೆ. ಮೈ ಕಟ್ಟಿಕೊಳ್ಳಲು ಅಸಿಟೇಟ್ ಬೇಕು. ಬಿ12 ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು, ನೆರೆಯವರಿಂದ ಪಡೆಯಬೇಕು. ಆಮ್ಲಜನಕ ತಾಗಿದರೆ ಮುಗಿಯಿತು.

ಹೀಗಾಗಿ ಗಾಡಿ ನಿಲ್ಲುವ ಜಾಗ ಬಹುತೇಕ ಡಿಸಿಇ, ಕೆಲವೊಮ್ಮೆ ವಿನೈಲ್ ಕ್ಲೋರೈಡ್. ಎರಡನೆಯದರಲ್ಲಿ ನಿಂತರೆ ಅದು ಶುದ್ಧೀಕರಣವೇ ಅಲ್ಲ. ಅಮೆರಿಕದ ಕುಡಿಯುವ ನೀರಿನ ಮಿತಿ ಟ್ರೈಗೆ ಲೀಟರಿಗೆ 5 ಮೈಕ್ರೋಗ್ರಾಂ, ಸಿಸ್-ಡಿಸಿಇಗೆ 70, ವಿನೈಲ್ ಕ್ಲೋರೈಡ್‌ಗೆ 2. ವಿಶ್ವ ಆರೋಗ್ಯ ಸಂಸ್ಥೆ ವಿನೈಲ್ ಕ್ಲೋರೈಡ್‌ಗೆ ಇಟ್ಟಿರುವ ಮಾರ್ಗಸೂಚಿ ಇನ್ನೂ ಬಿಗಿ, 0.3. ಟ್ರೈ ಮತ್ತು ವಿನೈಲ್ ಕ್ಲೋರೈಡ್ ಎರಡೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾಗಿ ವರ್ಗೀಕರಿಸಿದ ವಸ್ತುಗಳು. ಆದ್ದರಿಂದ ದೋಷ ಹುಡುಕುವಷ್ಟು ದಿನವೂ ಸುತ್ತಲಿನ ಯಾರೂ ಆ ನೀರನ್ನು ಬಳಸದಂತೆ ನೋಡಿಕೊಳ್ಳಿ. ‘ಕುದಿಸಿ ಕುಡಿಯುತ್ತೇವೆ’ ಎನ್ನುವವರಿಗೆ ತಿಳಿಸಿ ಹೇಳಿ: ಕುದಿಸಿದರೆ ವಿಷ ಪಾತ್ರೆಯಿಂದ ಅಡುಗೆಮನೆಯ ಗಾಳಿಗೆ ಬರುತ್ತದೆ.

ವರದಿಯನ್ನು ಮೋಲ್‌ನಲ್ಲಿ ಓದಿ

ಬಾವಿಗೆ ಹೋಗುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ. ಒಂದು ಬಾವಿಯಲ್ಲಿ ಆರಂಭಕ್ಕೆ ಟ್ರೈ ಲೀಟರಿಗೆ 2,630 ಮೈಕ್ರೋಗ್ರಾಂ ಇತ್ತು ಎನ್ನಿ. ಈಗ ಟ್ರೈ 130, ಡಿಸಿಇ 1,745, ವಿನೈಲ್ ಕ್ಲೋರೈಡ್ 31. ಟ್ರೈ ಸಾಲನ್ನು ಮಾತ್ರ ನೋಡಿದರೆ ಶೇ. 95 ಕಡಿಮೆ. ಮೂರನ್ನೂ ಕೂಡಿದರೆ 1,906, ಅಂದರೆ ಒಟ್ಟು ತೂಕದಲ್ಲಿ ಶೇ. 27ರಷ್ಟು ಇಳಿಕೆ. ಎರಡೂ ಲೆಕ್ಕ ದಾರಿ ತಪ್ಪಿಸುತ್ತವೆ.

ಅಣುಭಾರದಿಂದ ಭಾಗಿಸಿ, ತೂಕದ ಬದಲು ಅಣುಗಳ ಎಣಿಕೆ, ಅಂದರೆ ಮೋಲ್, ಸಿಗುತ್ತದೆ. ಟ್ರೈ 131.4, ಡಿಸಿಇ 96.9, ವಿನೈಲ್ ಕ್ಲೋರೈಡ್ 62.5, ಎಥಿಲೀನ್ 28. ಆರಂಭದಲ್ಲಿ 20 ಮೈಕ್ರೋಮೋಲ್ ಇತ್ತು. ಈಗ ಟ್ರೈ 1, ಡಿಸಿಇ 18, ವಿನೈಲ್ ಅರ್ಧ, ಒಟ್ಟು 19.5. ಇಪ್ಪತ್ತು ಅಣುಗಳಲ್ಲಿ ಒಂದೂ ನಿರ್ವಿಷವಾಗಿಲ್ಲ, ಬಹುತೇಕ ಎಲ್ಲವೂ ಒಂದೊಂದು ಕ್ಲೋರಿನ್ ಕಳೆದುಕೊಂಡು ಅಂಗಿ ಬದಲಿಸಿವೆ ಅಷ್ಟೆ. ತೂಕ ಇಳಿದದ್ದು ಆ ಕ್ಲೋರಿನ್ ಹೋದದ್ದರಿಂದ.

ಈ ಲೆಕ್ಕ ಮೂರು ದಾರಿ ತೋರಿಸುತ್ತದೆ. ಮೋಲ್ ಮೊತ್ತ ಹಾಗೇ ಇದ್ದು ಡಿಸಿಇ ಹೆಚ್ಚಿದ್ದರೆ ಮೊದಲ ಹೆಜ್ಜೆ ನಡೆದಿದೆ, ಎರಡನೆಯದು ನಿಂತಿದೆ. ಅದು ನಿಜವಾದ ದೋಷ. ಮೋಲ್ ಮೊತ್ತ ಇಳಿದು ಎಥಿಲೀನ್ ಕಾಣಿಸುತ್ತಿದ್ದರೆ ಕೆಲಸ ಸಾಗುತ್ತಿದೆ, ತಾಳ್ಮೆ ಸಾಕು. ಮೋಲ್ ಮೊತ್ತ ಇಳಿದು ಡಿಸಿಇಯೂ ಇಲ್ಲ, ವಿನೈಲೂ ಇಲ್ಲ, ಎಥಿಲೀನೂ ಇಲ್ಲ ಎಂದಾದರೆ ಖುಷಿಪಡುವ ಮುನ್ನ ಅನುಮಾನಪಡಿ. ನೀರು ತೆಳುವಾಗಿದೆ, ಇಲ್ಲವೇ ಶೀಶೆಯಿಂದ ಹಾರಿಹೋಗಿದೆ.

ವರದಿಯಲ್ಲಿ ಎಥಿಲೀನ್ ಸಾಲೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಕೇಳದಿದ್ದರೆ ಪ್ರಯೋಗಾಲಯ ಅದನ್ನು ಅಳೆಯುವುದಿಲ್ಲ. ಕರಗಿದ ಅನಿಲಗಳಾದ ಮೀಥೇನ್, ಈಥೇನ್, ಎಥಿಲೀನ್‌ಗಳದು ಬೇರೆಯೇ ಪರೀಕ್ಷೆ, ಬೇರೆ ಶೀಶೆ, ಬೇರೆ ಶುಲ್ಕ. ಹಾಗೆಯೇ ‘ಪತ್ತೆಯಾಗಿಲ್ಲ’ ಎಂಬ ಪದದ ಪಕ್ಕದ ಮಿತಿಯನ್ನೂ ಓದಿ. ಡಿಸಿಇ ವಿಪರೀತ ಇದ್ದ ಮಾದರಿಯನ್ನು ಉಪಕರಣ ತಡೆಯಲೆಂದು 50 ಪಟ್ಟು ತೆಳುಮಾಡಿ ಅಳೆದಿದ್ದರೆ, ವಿನೈಲ್ ಕ್ಲೋರೈಡ್‌ನ ಪತ್ತೆ ಮಿತಿಯೂ 50 ಪಟ್ಟು ಏರಿರುತ್ತದೆ. ವರದಿ ‘50 ಮೈಕ್ರೋಗ್ರಾಂಗಿಂತ ಕಡಿಮೆ’ ಎಂದರೆ 49 ಇರಬಹುದು, ಸೊನ್ನೆಯೆಂದು ಅರ್ಥವಲ್ಲ.

ಕೆಲವರು ಕ್ಲೋರೈಡ್ ಏರಿಕೆಯನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಬಿಡುಗಡೆಯಾದ ಕ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಮಿಗೂ ಕಡಿಮೆ. ಒಳಚರಂಡಿ ಸೋರಿ ಮೊದಲೇ ಉಪ್ಪಾಗಿರುವ ನಮ್ಮ ಅಂತರ್ಜಲದಲ್ಲಿ ಅದನ್ನು ಹುಡುಕುವುದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ.

ಶೀಶೆ, ಗುಳ್ಳೆ, ಮಾಪಕ

ನಾನೇ ಮೋಸಹೋದ ಕತೆ ಒಂದಿದೆ. ನಗರದ ಹೊರವಲಯದ ಒಂದು ಘಟಕದಲ್ಲಿ ನೆಲದ ಹುಳಿ ಇಳಿಸಲು ಅಡುಗೆ ಸೋಡಾ ಕಲೆಸಿದ ನೀರನ್ನು ಹಾಕಿದ್ದೆವು. ಮುಂದಿನ ತಿಂಗಳ ವರದಿಯಲ್ಲಿ ವಿನೈಲ್ ಕ್ಲೋರೈಡ್ ಅರ್ಧಕ್ಕೆ ಇಳಿದಿತ್ತು. ಔಷಧ ತಾಗಿತು ಎಂದುಕೊಂಡೆ. ಅದರ ಮುಂದಿನ ಸಲ ಮಾದರಿ ತೆಗೆಯುವಾಗ ನಾನೇ ಪಕ್ಕದಲ್ಲಿದ್ದೆ. 40 ಮಿಲಿಲೀಟರಿನ ಗಾಜಿನ ಶೀಶೆ, ಒಳಗೆ ಮೊದಲೇ ಹಾಕಿಟ್ಟ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ. ಅಂಚಿನವರೆಗೆ ನೀರು ತುಂಬಿ ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದೆವು. ಗುಳ್ಳೆ ಇರಲಿಲ್ಲ. ಎರಡು ನಿಮಿಷ ಬಿಟ್ಟು ನೋಡಿದರೆ ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಸೋಡಾ ಬಾಟಲಿಯಂತೆ ಏಳುತ್ತಿದ್ದವು. ಐದನೆಯ ನಿಮಿಷಕ್ಕೆ ಮುಚ್ಚಳದಡಿ ಕಡಲೆಕಾಳಿನಷ್ಟು ದೊಡ್ಡ ಗಾಳಿಗೂಡು.

ಆಮ್ಲಕ್ಕೆ ಬೈಕಾರ್ಬನೇಟ್ ಸೇರಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಶಾಲೆಯ ಮಕ್ಕಳಿಗೂ ಗೊತ್ತು. ವಿನೈಲ್ ಕ್ಲೋರೈಡ್ ಕುದಿಯುವುದು ಮೈನಸ್ 13 ಡಿಗ್ರಿಯಲ್ಲಿ. ಮನೆಯ ತಾಪದಲ್ಲಿ ಅದು ಅನಿಲವೇ. ಗುಳ್ಳೆ ಕಂಡರೆ ನೀರು ಬಿಟ್ಟು ಗುಳ್ಳೆಗೆ ಓಡುತ್ತದೆ, ಮುಚ್ಚಳ ತೆರೆದಾಗ ಗಾಳಿಪಾಲಾಗುತ್ತದೆ. ಆ ‘ಅರ್ಧ ಇಳಿಕೆ’ ನಡೆದದ್ದು ನೆಲದಡಿಯಲ್ಲಲ್ಲ, ಶೀಶೆಯಲ್ಲಿ. ಅಂದಿನಿಂದ ಗಡಸು ನೀರಿನ ಬಾವಿಗಳಿಗೂ ಸೋಡಾ ಹಾಕಿದ ಬಾವಿಗಳಿಗೂ ಆಮ್ಲವಿಲ್ಲದ ಶೀಶೆ ಬಳಸುತ್ತೇವೆ. ಅದಕ್ಕೆ ತೆರಬೇಕಾದ ಬೆಲೆ ಅವಸರ: ಆಮ್ಲ ಹಾಕಿದ ಮಾದರಿ 14 ದಿನ ಕಾಯುತ್ತದೆ, ಹಾಕದ್ದು ಏಳೇ ದಿನ. ಎರಡನ್ನೂ ಐಸ್ ಡಬ್ಬಿಯಲ್ಲೇ ಒಯ್ಯಬೇಕು. ಬೈಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ದಾಟಿದ ಮಾದರಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನೀರೆತ್ತುವ ಬಗೆಯೂ ಅಷ್ಟೇ ಮುಖ್ಯ. ಜೋರಾಗಿ ಎಳೆಯುವ ಪಂಪ್ ನೀರನ್ನು ಕಡೆದು ಅನಿಲ ಹೊರಹಾಕುತ್ತದೆ. ನಿಧಾನವಾಗಿ ಎಳೆಯಿರಿ. ಪಿಎಚ್ ಸತತ ಮೂರು ಸಲ 0.1ರೊಳಗೆ, ವಿದ್ಯುತ್ ವಾಹಕತೆ ಶೇ. 3ರೊಳಗೆ, ರೆಡಾಕ್ಸ್ (ನೀರು ಎಲೆಕ್ಟ್ರಾನ್ ಕಸಿಯುವ ಸ್ಥಿತಿಯಲ್ಲಿದೆಯೋ ಕೊಡುವ ಸ್ಥಿತಿಯಲ್ಲಿದೆಯೋ ತೋರಿಸುವ ಅಳತೆ; ಕೆಳಗಿದ್ದಷ್ಟೂ ನಮ್ಮ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯದು) 10 ಮಿಲಿವೋಲ್ಟ್‌ನೊಳಗೆ ನಿಂತ ಮೇಲೆ ಶೀಶೆ ಹಿಡಿಯಿರಿ.

ಕರಗಿದ ಆಮ್ಲಜನಕದ ಮಾಪಕದಲ್ಲಿ ಬೆಂಗಳೂರಿನದೇ ಒಂದು ಪೇಚು ಇದೆ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. 25 ಡಿಗ್ರಿಯಲ್ಲಿ ಗಾಳಿಯಿಂದ ಹೀರಬಲ್ಲಷ್ಟು ಆಮ್ಲಜನಕ ಹೀರಿಕೊಂಡ ನೀರಿನಲ್ಲಿ ಚೆನ್ನೈಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಇದ್ದರೆ ಇಲ್ಲಿ 7.4 ಮಾತ್ರ. ಒತ್ತಡ ತಿದ್ದದೆ ಮಾಪಕ ಹೊಂದಿಸಿದರೆ ಪ್ರತಿ ಓದೂ ಸ್ವಲ್ಪ ಹೆಚ್ಚು ತೋರಿಸುತ್ತದೆ. ಅದಕ್ಕಿಂತ ದೊಡ್ಡ ಗೊಂದಲ ರೆಡಾಕ್ಸ್‌ನದು. ಕ್ಷೇತ್ರದಲ್ಲಿ ಬಳಸುವ ಬೆಳ್ಳಿ ಕ್ಲೋರೈಡ್ ವಿದ್ಯುದ್ವಾರದ ಓದು, ಪುಸ್ತಕದ ಹೈಡ್ರೋಜನ್ ಮಾನಕದ ಓದಿಗಿಂತ ಸುಮಾರು 200 ಮಿಲಿವೋಲ್ಟ್ ಕೆಳಗಿರುತ್ತದೆ. ಪುಸ್ತಕದ ಅಂಕಿಗೆ ಮಾಪಕದ ಅಂಕಿಯನ್ನು ನೇರವಾಗಿ ಹೋಲಿಸಿ ‘ಪರಿಸ್ಥಿತಿ ಚೆನ್ನಾಗಿದೆ’ ಎಂದು ಬರೆದ ವರದಿಗಳನ್ನು ಸಾಕಷ್ಟು ನೋಡಿದ್ದೇನೆ.

ಮಳೆಯೋ, ಬ್ಯಾಕ್ಟೀರಿಯಾವೋ, ಪಕ್ಕದ ಮನೆಯವರೋ

ಅಂಕಿಗಳು ನಿಜವೆಂದು ಖಾತ್ರಿಯಾದ ಮೇಲೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಇಲ್ಲಿನ ನೆಲ ಮರಳಿನ ಹಾಸಿಗೆಯಲ್ಲ. ಮೇಲೆ ಕೆಂಪು ಮಣ್ಣು, ಅದರಡಿ ಜೇಡಿಯಾಗುತ್ತಿರುವ ಶಿಥಿಲ ಶಿಲೆ, ಅದರಡಿ ಬಿರುಕು ಬಿಟ್ಟ ನೈಸ್ ಎಂಬ ಗಟ್ಟಿಕಲ್ಲು. ಲಾಲ್‌ಬಾಗ್ ಗುಡ್ಡದಲ್ಲಿ ಕೆಂಪೇಗೌಡರ ಗೋಪುರದ ಕೆಳಗೆ ಬಯಲಾಗಿ ಕಾಣುವ ಅದೇ ಕಲ್ಲು. ನೀರು ಬಿರುಕುಗಳಲ್ಲಿ ಓಡುತ್ತದೆ, ಉಳಿದೆಡೆ ಬಹುಮಟ್ಟಿಗೆ ನಿಂತಿರುತ್ತದೆ. ಟ್ರೈ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಅಂತರ್ಜಲ ಮಟ್ಟದಲ್ಲಿ ತೇಲದೆ ಬಿರುಕು ಸಿಕ್ಕ ಕಡೆ ಕೆಳಕ್ಕೇ ಇಳಿಯುತ್ತದೆ.

ಹಳೆಯ ಬೋರ್‌ವೆಲ್ಲನ್ನೇ ನಿಗಾ ಬಾವಿ ಮಾಡಿಕೊಂಡಿದ್ದರೆ ಅದನ್ನು ಮೊದಲು ಅನುಮಾನಿಸಿ. ಕೇಸಿಂಗ್ ಪೈಪ್ ಗಟ್ಟಿಕಲ್ಲಿನವರೆಗೆ ಮಾತ್ರ, ಅಲ್ಲಿಂದ ಕೆಳಗೆ ನೂರಾರು ಅಡಿ ಬರಿಯ ತೂತು. ಹತ್ತು ಬಿರುಕುಗಳ ನೀರು ಅದರಲ್ಲಿ ಕಲೆಯುತ್ತದೆ. ಒಂದು ಬಿರುಕಿನಲ್ಲಿ ವಿಷ ತುಂಬಿದ್ದರೂ ಉಳಿದ ಒಂಬತ್ತರ ನೀರು ಸೇರಿ ಅಂಕಿ ಮುದ್ದಾಗಿ ಕಾಣುತ್ತದೆ. ಮಳೆಗಾಲದಲ್ಲಿ ಇನ್ನೂ ಮುದ್ದಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಾದ ಮೇಲಿನ ಒಂದೇ ಮಾದರಿ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ತೆಳುವಾಗಿದೆಯೋ ಒಡೆದಿದೆಯೋ ತಿಳಿಯಲು ಎರಡು ಉಪಾಯ. ಅಗ್ಗದ್ದು: ಬ್ಯಾಕ್ಟೀರಿಯಾ ಮುಟ್ಟದ ಕ್ಲೋರೈಡ್‌ನಂಥ ಲವಣ ಅದೇ ಪ್ರಮಾಣದಲ್ಲಿ ಇಳಿದಿದೆಯೇ ನೋಡಿ. ಇಳಿದಿದ್ದರೆ ಅದು ಮಳೆ. ಹೀಗೆ ನೋಡಿದರೆ ಕ್ಲೋರೈಡ್‌ನಿಂದಲೂ ಒಂದು ಉಪಕಾರವಿದೆ. ದುಬಾರಿಯದು: ಇಂಗಾಲದ ಐಸೋಟೋಪ್ ಅಳತೆ. ಬ್ಯಾಕ್ಟೀರಿಯಾಗಳು ಹಗುರ ಇಂಗಾಲ-12 ಇರುವ ಬಂಧವನ್ನು ತುಸು ಬೇಗ ಮುರಿಯುತ್ತವೆ, ಉಳಿದ ಟ್ರೈಯಲ್ಲಿ ಇಂಗಾಲ-13ರ ಪಾಲು ಏರುತ್ತಾ ಹೋಗುತ್ತದೆ. ನೀರು ಬೆರೆತು ತೆಳುವಾದರೆ ಆ ಪಾಲು ಬದಲಾಗುವುದಿಲ್ಲ.

ಒಂದು ಕಡೆ ನಾವು ಹಾಕಿದ ಕಾಕಂಬಿ ನಿಗಾ ಬಾವಿಯನ್ನು ತಲುಪಲೇ ಇಲ್ಲ. ಹತ್ತು ಮೀಟರ್ ದೂರ, ಮೂರು ತಿಂಗಳು, ಸಾವಯವ ಇಂಗಾಲದ ಅಂಕಿ ಇದ್ದಲ್ಲೇ ಇತ್ತು. ನಕ್ಷೆ ಹರಡಿಕೊಂಡು ಬಿರುಕುಗಳ ದಿಕ್ಕಿನ ಬಗ್ಗೆ ವಾದ ಮಾಡುತ್ತಿದ್ದಾಗ ಕಾವಲಿಗಿದ್ದ ಹಿರಿಯರೊಬ್ಬರು ಟೀ ಲೋಟ ಇಡುತ್ತಾ ಕೇಳಿದರು: ‘ಸರ್, ಗೋಡೆಯಾಚೆ ರಾತ್ರಿಯಿಡೀ ಟ್ಯಾಂಕರ್ ತುಂಬುತ್ತಾರಲ್ಲ, ಅದಕ್ಕೇನಾದರೂ ಸಂಬಂಧ ಉಂಟಾ?’ ನಾವು ನೀರಿನ ಮಟ್ಟ ಅಳೆಯುತ್ತಿದ್ದದ್ದು ಹಗಲು ಹನ್ನೊಂದಕ್ಕೆ. ಆ ರಾತ್ರಿ ಮಟ್ಟಮಾಪಕ ಇಳಿಸಿ ಕೂತೆವು. ಹತ್ತೂವರೆಗೆ ಮಟ್ಟ ಜಾರತೊಡಗಿತು, ಬೆಳಗಿನ ಜಾವಕ್ಕೆ ಹರಿವಿನ ದಿಕ್ಕೇ ತಿರುಗಿತ್ತು. ನಮ್ಮ ಕಾಕಂಬಿಯೂ ಪ್ರಾಯಶಃ ಟ್ರೈಯೂ ಗೋಡೆಯಾಚೆಗೆ ಹೋಗುತ್ತಿದ್ದವು. ಬ್ಯಾಕ್ಟೀರಿಯಾಗಳ ಮಾತು ಅಲ್ಲಿಗೆ ಬಿಟ್ಟು ಟ್ಯಾಂಕರ್ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸುವುದು, ಅದರ ಮಾಲೀಕರಿಗೂ ಅಧಿಕಾರಿಗಳಿಗೂ ತಿಳಿಸುವುದು ಮೊದಲ ಕೆಲಸವಾಯಿತು. 2024ರ ಬೇಸಿಗೆಯ ನೀರಿನ ಬರ ನೋಡಿದವರಿಗೆ ಇಂಥ ಬಾವಿಗಳು ಎಷ್ಟು ಎಳೆಯುತ್ತವೆ ಎಂದು ಹೇಳಬೇಕಿಲ್ಲ. ಸಂಶಯವಿದ್ದರೆ ಉಣಿಸುವ ಬಾವಿಗೆ ಬ್ರೋಮೈಡ್ ಉಪ್ಪು ಹಾಕಿ ಅದು ಎಲ್ಲಿ ತಲೆಯೆತ್ತುತ್ತದೆ ನೋಡಿ.

ಪಂಕ್ತಿಯ ಕೊನೆಯ ಎಲೆ

ಕಾಕಂಬಿ ತಲುಪಿದೆ, ಆದರೂ ಡಿಸಿಇ ಕದಲುತ್ತಿಲ್ಲ ಎನ್ನಿ. ಈಗ ಊಟದ ಲೆಕ್ಕ ಹಾಕಬೇಕು. ಕಾಕಂಬಿ ಹುದುಗಿ ಹೈಡ್ರೋಜನ್ ಹೊರಡುತ್ತದೆ. ಅದೇ ಬಡಿಸುವ ಅನ್ನ. ಆದರೆ ಪಂಕ್ತಿಯಲ್ಲಿ ನಮ್ಮ ಅತಿಥಿಯೊಬ್ಬರೇ ಕೂತಿಲ್ಲ. ಮೊದಲ ಎಲೆಗೆ ಆಮ್ಲಜನಕ, ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್. ಡಿಸಿಇ, ವಿನೈಲ್ ಕ್ಲೋರೈಡ್‌ಗಳ ಸರದಿ ಬಹುಮಟ್ಟಿಗೆ ಸಲ್ಫೇಟ್ ಉಂಡೇಳುವ ಹೊತ್ತಿಗೆ ಬರುತ್ತದೆ.

ಲೆಕ್ಕ ನೋಡಿ. ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ (ಇದು ನಮ್ಮ ಕುಡಿಯುವ ನೀರಿನ ಮಾನಕದ ಮಿತಿ, ಒಳಚರಂಡಿ ಸೋರುವ ಬಡಾವಣೆಗಳ ಬೋರ್‌ವೆಲ್‌ಗಳಲ್ಲಿ ಮೀರುವುದು ಮಾಮೂಲು), ಸಲ್ಫೇಟ್ 50 ಮಿಲಿಗ್ರಾಂ ಇದ್ದರೆ, ಇವನ್ನು ತಣಿಸಲು ಬೇಕಾದ ಎಲೆಕ್ಟ್ರಾನ್‌ಗಳು (ಹೈಡ್ರೋಜನ್ ಬಡಿಸುವುದು ಇವನ್ನೇ) ಲೀಟರಿಗೆ ಕ್ರಮವಾಗಿ 0.75, 3.6 ಮತ್ತು 4.2 ಮಿಲಿಮೋಲ್. ಮೇಲಿನ ಉದಾಹರಣೆಯ 20 ಮೈಕ್ರೋಮೋಲ್ ಟ್ರೈಯನ್ನು ಎಥಿಲೀನ್ ಮಾಡಲು ಬೇಕಾದದ್ದು 0.12 ಮಾತ್ರ. ನೂರು ಜನರಿಗೆ ಅಡುಗೆ ಮಾಡಿದರೆ ನಮ್ಮವರ ಪಾಲು ಒಂದೂವರೆ ಎಲೆ. ಕಾಕಂಬಿಯ ಪ್ರಮಾಣವನ್ನು ಟ್ರೈ ನೋಡಿ ನಿರ್ಧರಿಸಿದವರ ಊಟ ಮೊದಲ ಪಂಕ್ತಿಗೇ ಮುಗಿದಿರುತ್ತದೆ.

ಆದ್ದರಿಂದ ಒಂದೇ ದಿನ ನೈಟ್ರೇಟ್, ಕರಗಿದ ಕಬ್ಬಿಣ, ಸಲ್ಫೇಟ್, ಮೀಥೇನ್ ನಾಲ್ಕನ್ನೂ ಅಳೆಯಿರಿ. ನೈಟ್ರೇಟ್ ಇನ್ನೂ ಉಳಿದಿದ್ದರೆ ಬೇರೇನೂ ಹುಡುಕಬೇಡಿ, ಊಟ ಸಾಲದು. ಒಳಚರಂಡಿ ಅಥವಾ ಕುಡಿಯುವ ನೀರಿನ ಪೈಪ್ ಹತ್ತಿರದಲ್ಲೇ ಸೋರುತ್ತಿದ್ದರೆ ಎಷ್ಟು ಬಡಿಸಿದರೂ ಸಾಲದು, ಮೊದಲು ಸೋರಿಕೆ ನಿಲ್ಲಬೇಕು. ನೈಟ್ರೇಟ್ ಇಲ್ಲ, ನೀರು ಕಪ್ಪಗಿದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ ಎಂದಾದರೆ ಸಲ್ಫೇಟ್ ಪಂಕ್ತಿ ನಡೆದಿದೆ, ಕಾಯಿರಿ. ಮೀಥೇನ್ ಧಾರಾಳವಾಗಿದ್ದೂ ಡಿಸಿಇ ನಿಂತಿದ್ದರೆ ಊಟದ ಕೊರತೆಯಲ್ಲ. ಬೇರೆ ಕಾರಣ ಹುಡುಕಿ. ಆಗ ಇನ್ನಷ್ಟು ಕಾಕಂಬಿ ಸುರಿದರೆ ಮೀಥೇನ್ ತಯಾರಿಸುವ ಜೀವಿಗಳನ್ನು ಕೊಬ್ಬಿಸಿದಂತೆ. ಡಿಹ್ಯಾಲೊಕಾಕಾಯ್ಡಿಸ್ ತೀರಾ ಕಡಿಮೆ ಹೈಡ್ರೋಜನ್‌ನಲ್ಲೂ ಬದುಕಬಲ್ಲದು, ಅದರ ಬಲವೇ ಅದು. ಹಾಗಾಗಿ ದಿಢೀರನೆ ಹುದುಗುವ ಕಾಕಂಬಿಗಿಂತ ನಿಧಾನವಾಗಿ ಕರಗುವ, ನೀರಿನೊಂದಿಗೆ ಹಾಲಿನಂತೆ ಕಲೆಸಿದ ಸೋಯಾ ಎಣ್ಣೆಯನ್ನು ನಾನು ಇಷ್ಟಪಡುತ್ತೇನೆ. ಅದರ ಬೆಲೆಯನ್ನು ಇಷ್ಟಪಡುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಬಾವಿಯ ಮುಚ್ಚಳ ತೆರೆದ ಕೂಡಲೇ ಬಗ್ಗಿ ನೋಡಬೇಡಿ. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರಷ್ಟಿದ್ದರೆ ಕಿಡಿಗೆ ಸಿಡಿಯುತ್ತದೆ, ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಗಾಳಿ ಬೀಸಿ ಬರುವ ಕಡೆ ನಿಂತು ತೆರೆದು ಸ್ವಲ್ಪ ಹೊತ್ತು ಬಿಡಿ. ಬೀಡಿ ಸೇದುವವರನ್ನು ಗೇಟಿನಾಚೆ ಕಳಿಸಿ. ಪಂಪ್ ಗುಂಡಿಗೆ ಅನಿಲ ಅಳೆಯದೆ ಯಾರನ್ನೂ ಇಳಿಸಬೇಡಿ.

ಹುಳಿ

ಮೀಥೇನ್ ಇದ್ದೂ ಕೆಲಸ ನಿಂತಿದ್ದರೆ ನಾನು ಮೊದಲು ನೋಡುವುದು ಪಿಎಚ್. ಕಾಕಂಬಿ ಹುದುಗಿದರೆ ಆಮ್ಲ ಬರುತ್ತದೆ, ದೋಸೆ ಹಿಟ್ಟು ಹುಳಿಯಾದಂತೆ. ಕ್ಲೋರಿನ್ ಕಳಚಿದಾಗಲೂ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ. ಶಿಥಿಲ ಶಿಲೆಯ ಪದರದಲ್ಲಿ ಹುಳಿ ತಡೆಯುವ ಸುಣ್ಣದಂಶ ಕಡಿಮೆ. ಡಿಹ್ಯಾಲೊಕಾಕಾಯ್ಡಿಸ್ ನೆಮ್ಮದಿಯಾಗಿರುವುದು ಪಿಎಚ್ 6.5ರಿಂದ 7.5ರ ನಡುವೆ. 6ಕ್ಕಿಂತ ಕೆಳಗೆ ಅದು ಕೈಚೆಲ್ಲುತ್ತದೆ. ಮೊದಲ ಹೆಜ್ಜೆಯ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಇನ್ನೂ ಸ್ವಲ್ಪ ಹುಳಿ ತಡೆಯುತ್ತವೆ. ಟ್ರೈ ಹೋಗಿ ಡಿಸಿಇ ಉಳಿಯುವ ಚಿತ್ರಕ್ಕೆ ಇದಕ್ಕಿಂತ ಸರಳ ವಿವರಣೆ ಇಲ್ಲ.

ಪಿಎಚ್ ಜೊತೆ ಕ್ಷಾರೀಯತೆಯನ್ನೂ, ಅಂದರೆ ನೀರಿಗೆ ಹುಳಿ ತಡೆಯುವ ಶಕ್ತಿ ಎಷ್ಟಿದೆ ಎಂಬುದನ್ನೂ, ಅಳೆಯಿರಿ. ತಿದ್ದಲು ಸೋಡಿಯಂ ಬೈಕಾರ್ಬನೇಟ್ ಸಾಕು. ಸುಣ್ಣವೋ ಕಾಸ್ಟಿಕ್ ಸೋಡಾವೋ ಹಾಕಿ ಬೇಗ ಮುಗಿಸುವ ಆಸೆ ಬೇಡ. ಉಣಿಸುವ ಬಾವಿಯ ಸುತ್ತ ಪಿಎಚ್ ಜಿಗಿದು ಇದ್ದಬದ್ದ ಜೀವಿಗಳೂ ಹೋಗುತ್ತವೆ, ಬಿರುಕುಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಹುಳಿ ತಿದ್ದಿದ ಮರುದಿನವೇ ಫಲ ಸಿಗುವುದಿಲ್ಲ. ಈ ಜೀವಿಗಳು ಇಮ್ಮಡಿಯಾಗುವುದು ದಿನಗಳ ಲೆಕ್ಕದಲ್ಲಿ, ಗಂಟೆಗಳ ಲೆಕ್ಕದಲ್ಲಲ್ಲ. ನಾನು ಕನಿಷ್ಠ ಮೂರು ತಿಂಗಳು ಕೊಡುತ್ತೇನೆ.

ಈಗ ಬ್ಯಾಕ್ಟೀರಿಯಾ ಮಾತು

ಇಷ್ಟೆಲ್ಲ ಸರಿಯಿದ್ದೂ ಎಥಿಲೀನ್ ಕಾಣದಿದ್ದರೆ ಮಾತ್ರ ಜೀವಿಗಳನ್ನು ಎಣಿಸಿ. ಒಂದು ಲೀಟರ್ ನೀರನ್ನು ಕ್ರಿಮಿರಹಿತ ಬಾಟಲಿಯಲ್ಲಿ, ಆಮ್ಲ ಹಾಕದೆ, ಐಸ್‌ನಲ್ಲಿಟ್ಟು ಕಳಿಸಬೇಕು. ಕ್ಯೂಪಿಸಿಆರ್ (ಜೀನ್‌ಗಳ ಪ್ರತಿಗಳನ್ನು ಎಣಿಸುವ) ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ‘ಡಿಹ್ಯಾಲೊಕಾಕಾಯ್ಡಿಸ್ ಎಷ್ಟಿದೆ’ ಎಂದು ಮಾತ್ರ ಕೇಳಿದರೆ ಉತ್ತರ ಅರ್ಧ. ಈ ಕುಲದ ಎಲ್ಲ ತಳಿಗಳೂ ವಿನೈಲ್ ಕ್ಲೋರೈಡನ್ನು ಉಸಿರಾಡಲಾರವು. ಆ ಕೆಲಸದ ಕಿಣ್ವಗಳನ್ನು ಕೊಡುವ ವಿಸಿಆರ್‌ಎ ಮತ್ತು ಬಿವಿಸಿಎ ಎಂಬ ಜೀನ್‌ಗಳ ಎಣಿಕೆಯನ್ನೂ ಕೇಳಿ. 1997ರಲ್ಲಿ ಸಿಕ್ಕ ಮೊದಲ ತಳಿಯಲ್ಲಿ ಇವೆರಡೂ ಇಲ್ಲ; ಅದು ಕೊನೆಯ ಹೆಜ್ಜೆಯನ್ನು ಕುಂಟುತ್ತಾ ಇಡುತ್ತದೆ. ಲೀಟರಿಗೆ ಒಂದು ಕೋಟಿಯಷ್ಟು ಪ್ರತಿಗಳಿದ್ದರೆ ಒಳ್ಳೆಯ ವೇಗ ನಿರೀಕ್ಷಿಸಬಹುದು. ಹತ್ತು ಸಾವಿರದ ಆಸುಪಾಸಿದ್ದರೆ ಇವೆ, ಆದರೆ ಉಪವಾಸವಿವೆ. ಏನೂ ಸಿಗದಿದ್ದರೆ ಆಗ ಹೊರಗಿನಿಂದ ತಂದು ಬಿಡುವ ಮಾತಿಗೆ ಅರ್ಥವಿದೆ. ಅದನ್ನೂ ಪಿಎಚ್ ಮತ್ತು ರೆಡಾಕ್ಸ್ ಹದಕ್ಕೆ ಬಂದ ಮೇಲೆ, ಗಾಳಿ ತಾಗದಂತೆ ಬಿಡಬೇಕು.

ಬಾಟಲಿಯಲ್ಲಿ ಬರುವ ‘ಎಂಜೈಮ್’ಗಳು, ಕೆರೆ ಶುದ್ಧಿಗೆಂದು ಮಾರುವ ಪುಡಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಗಣಿ ನೀರಿನ ಬಗ್ಗೆ ಕೇಳುವವರೂ ಇದ್ದಾರೆ. ಸಗಣಿಯಲ್ಲಿ ಹುದುಗಿಸುವ ಜೀವಿಗಳಿವೆ, ಬಿ12 ತಯಾರಿಸುವವೂ ಇವೆ, ನಗುವ ಮಾತಲ್ಲ. ಆದರೆ ವಿನೈಲ್ ಕ್ಲೋರೈಡ್ ಒಡೆಯುವವು ಅದರಲ್ಲಿ ಇವೆಯೆಂಬ ಖಾತ್ರಿಯಿಲ್ಲ, ಜೊತೆಗೆ ಬರುವ ರೋಗಾಣುಗಳ ಖಾತ್ರಿ ಇದೆ.

ಎಣಿಕೆ ಚೆನ್ನಾಗಿದ್ದೂ ಕೆಲಸ ನಡೆಯದಿದ್ದರೆ ಯಾರೋ ಕತ್ತು ಹಿಸುಕುತ್ತಿದ್ದಾರೆ ಎಂದರ್ಥ. ಪ್ರಯೋಗಾಲಯದ ವರದಿಯ ಉಳಿದ ಸಾಲುಗಳನ್ನು ಆಗ ಓದಿ. ಕ್ಲೋರೋಫಾರ್ಮ್ ಮತ್ತು 1,1,1-ಟ್ರೈಕ್ಲೋರೋಈಥೇನ್, ಎರಡೂ ಹಳೆಯ ಕಾರ್ಖಾನೆಗಳಲ್ಲಿ ಟ್ರೈ ಜೊತೆಯೇ ಬಳಕೆಯಲ್ಲಿದ್ದವು, ಎರಡೂ ಡಿಹ್ಯಾಲೊಕಾಕಾಯ್ಡಿಸ್‌ಗೆ ವೈರಿಗಳು. ಲೋಹಲೇಪನದ ಘಟಕಗಳಿದ್ದ ಕಡೆ ಹೆಕ್ಸಾವೇಲೆಂಟ್ ಕ್ರೋಮಿಯಂ (ಆ ಲೋಹದ ಹೆಚ್ಚು ವಿಷಕಾರಿ, ನೀರಿನಲ್ಲಿ ಕರಗುವ ರೂಪ) ಕೇಳಿ. ಪೀಣ್ಯದ ಅಂತರ್ಜಲದಲ್ಲಿ ಅದು ಇರುವುದು ಬಹಳ ಹಿಂದಿನಿಂದ ದಾಖಲಾದ ವಿಷಯ. ಕ್ರೋಮಿಯಂ ಜೀವಿಗಳಿಗೆ ವಿಷವೂ ಹೌದು, ಪಂಕ್ತಿಯಲ್ಲಿ ಮುಂದೆ ಕೂರುವ ಅತಿಥಿಯೂ ಹೌದು. ಸಮಾಧಾನದ ಸಂಗತಿಯೆಂದರೆ ಕಾಕಂಬಿ ಉಂಡ ನೆಲದಲ್ಲಿ ಅದು ಟ್ರೈವೇಲೆಂಟ್ ರೂಪಕ್ಕೆ ಇಳಿದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಕ್ರೋಮಿಯಂ ಇದ್ದ ಜಾಗದಲ್ಲಿ ಎರಡು ಸುತ್ತು ಊಟ ಹಾಕಿಯೇ ಬ್ಯಾಕ್ಟೀರಿಯಾಗಳ ಬಗ್ಗೆ ತೀರ್ಪು ಕೊಡಬೇಕು.

ಎಲ್ಲ ಸರಿಯಾಗಿ, ಮತ್ತೆ ಏರಿದರೆ

ಕೆಲವೊಮ್ಮೆ ಎಥಿಲೀನ್ ಬಂದು, ಡಿಸಿಇ ಇಳಿದು, ಬಾವಿ ಮುಚ್ಚುವ ಯೋಚನೆಯಲ್ಲಿದ್ದಾಗ ಟ್ರೈ ಮತ್ತೆ ತಲೆಯೆತ್ತುತ್ತದೆ. ಇದು ಬಿರುಕಿನ ನೀರು ಶುದ್ಧವಾದ ಮೇಲೆ ಪಕ್ಕದ ಜೇಡಿಯಿಂದ ಹಳೆಯ ಸಾಲ ವಾಪಸು ಬರುವ ಬಗೆ. ದಶಕಗಳ ಕಾಲ ಜೇಡಿಯೊಳಕ್ಕೆ ಇಂಗಿದ ಟ್ರೈ ಈಗ ನಿಧಾನವಾಗಿ ಹೊರಗೆ ಇಂಗುತ್ತದೆ. ಇನ್ನೊಂದು ಕಾರಣ ಮಟ್ಟದ ಏರಿಳಿತ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಮೇಲಿನ ಶಿಥಿಲ ಪದರ ಒಣಗಿ ಗಾಳಿಯಾಡುತ್ತದೆ, ಅಲ್ಲಿನ ಜೀವಿಗಳು ಹೋಗುತ್ತವೆ. ಮಳೆಗೆ ಮಟ್ಟ ಏರಿದಾಗ ಅಲ್ಲಿ ಅಂಟಿದ್ದ ಟ್ರೈ ನೀರಿಗಿಳಿಯುತ್ತದೆ. ಏರಿಕೆ ಪ್ರತಿವರ್ಷ ಮಳೆಯ ಬೆನ್ನಿಗೇ ಬಂದರೆ ಎರಡನೆಯದು, ಋತುವಿನ ಹಂಗಿಲ್ಲದೆ ಮೆಲ್ಲನೆ ಏರಿದರೆ ಮೊದಲನೆಯದು. ಏರಿಕೆ ಹಠಾತ್ತಾಗಿ, ಒಂದೇ ಬಾವಿಯಲ್ಲಿ, ಹಿಂದೆಂದೂ ಕಾಣದ ಪ್ರಮಾಣದಲ್ಲಿ ಬಂದರೆ ಎರಡೂ ಅಲ್ಲ. ಕಾರ್ಖಾನೆಯ ಹಳೆಯ ಕೆಲಸಗಾರರನ್ನು ಕೂರಿಸಿಕೊಂಡು, ಟ್ರೈ ಡ್ರಮ್‌ಗಳನ್ನು ಎಲ್ಲೆಲ್ಲಿ ಇಡುತ್ತಿದ್ದರು, ತೊಳೆದ ನೀರು ಯಾವ ಗುಂಡಿಗೆ ಹೋಗುತ್ತಿತ್ತು ಎಂದು ಇನ್ನೊಮ್ಮೆ ಕೇಳಿ.

ಹೀಗಾಗಿ ಎಲ್ಲ ಬಾವಿಗಳಲ್ಲೂ ಅಂಕಿ ಮಿತಿಯೊಳಗೆ ಬಂದ ಮೇಲೂ ನಾನು ಎರಡು ಮಳೆಗಾಲ, ಎರಡು ಬೇಸಿಗೆ ಅಳತೆ ಮುಂದುವರಿಸುತ್ತೇನೆ. ಏಪ್ರಿಲ್ ಕೊನೆಗೊಮ್ಮೆ, ನವೆಂಬರ್ ಕೊನೆಗೊಮ್ಮೆ, ಅದೇ ಬಾವಿ, ಅದೇ ಆಳ, ಅದೇ ಆಮ್ಲವಿಲ್ಲದ ಶೀಶೆ. ನೀರಿನ ಮಟ್ಟ ಮಾತ್ರ ರಾತ್ರಿ ಹನ್ನೊಂದಕ್ಕೆ.